ಸಣ್ಣ ಡೆಂಟಿಗೆ ಕ್ಲೇಮ್ ಹಾಕಬೇಕೆ, ಕೈಯಿಂದಲೇ ಕೊಡಬೇಕೆ?

ಗೇಟಿನ ಕಂಬಕ್ಕೆ ಉಜ್ಜಿದ ಕಾರನ್ನು ವರ್ಕ್‌ಶಾಪಿಗೆ ಒಯ್ದು ನೋಡಿ. ಕೀ ಕೊಡುವ ಮೊದಲೇ ‘ಇನ್ಶೂರೆನ್ಸ್ ಇದೆಯಾ ಸರ್?’ ಎಂದು ಕೇಳುತ್ತಾರೆ. ಇದೆ ಎಂದ ಕೂಡಲೇ ಎಸ್ಟಿಮೇಟ್ ಉಬ್ಬತೊಡಗುತ್ತದೆ. ಒಂದು ಬಾಗಿಲ ಗೀರಿನ ಜತೆಗೆ ಪಕ್ಕದ ಫೆಂಡರ್ ಸೇರುತ್ತದೆ, ಉಜ್ಜಿದರೆ ಹೋಗುವ ಕಲೆಗೆ ಹೊಸ ಬಂಪರೇ ಬರುತ್ತದೆ. ‘ಹೇಗೂ ಕಂಪನಿ ಕೊಡುತ್ತದಲ್ಲ’ ಎಂದು ನಾವೂ ಸಹಿ ಹಾಕುತ್ತೇವೆ. ನಿಜವಾದ ಬಿಲ್ಲು ಕೈಗೆ ಬರುವುದು ಮುಂದಿನ ವರ್ಷ, ಪಾಲಿಸಿ ನವೀಕರಿಸುವ ದಿನ.

ನನ್ನ ಹತ್ತಿರದ ಸಂಬಂಧಿಕರೊಬ್ಬರು ಐದು ವರ್ಷ ಒಂದೂ ಕ್ಲೇಮ್ ಮಾಡದೆ ಶೇ 50ರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಉಳಿಸಿಕೊಂಡಿದ್ದರು. ಹಿಂದಿನ ಬಂಪರಿನ ಒಂದು ಮೂಲೆ ಒಡೆದದ್ದಕ್ಕೆ ಕ್ಲೇಮ್ ಹಾಕಿದರು. ಕಂಪನಿಯಿಂದ ಬಂದದ್ದು ಐದು ಸಾವಿರ ಚಿಲ್ಲರೆ. ಮರುವರ್ಷ ಒಂದೇ ಕಂತಿನಲ್ಲಿ ಅದಕ್ಕಿಂತ ಹೆಚ್ಚು ಪ್ರೀಮಿಯಂ ಕಟ್ಟಿದರು. ಅದರ ಮುಂದಿನ ವರ್ಷಗಳೂ ಇವೆ ಎಂಬುದು ಅವರಿಗೆ ಆಗಿನ್ನೂ ಹೊಳೆದಿರಲಿಲ್ಲ. ಇಂಥದ್ದನ್ನು ಹಲವು ಸಲ ಕಂಡ ಮೇಲೆ ಈ ಲೆಕ್ಕವನ್ನು ಬರೆದಿಡಲೇಬೇಕು ಅನ್ನಿಸಿತು. ಕಾಗದ, ಪೆನ್ನು ಮತ್ತು ನಿಮ್ಮ ಪಾಲಿಸಿ ಹತ್ತಿರವಿಟ್ಟುಕೊಳ್ಳಿ.

ಮೊದಲಿಗೇ ಒಂದು ಮಾತು. ಅಪಘಾತದಲ್ಲಿ ಯಾರಿಗಾದರೂ ಗಾಯವಾಗಿದ್ದರೆ ಈ ಲೇಖನವನ್ನು ಪಕ್ಕಕ್ಕಿಡಿ. ಗಾಯಾಳುವಿಗೆ ಚಿಕಿತ್ಸೆ, ಪೊಲೀಸರಿಗೆ ಮಾಹಿತಿ, ವಿಮಾ ಕಂಪನಿಗೆ ತಿಳಿಸುವುದು, ಇವು ಮೋಟಾರು ವಾಹನ ಕಾಯ್ದೆ ಚಾಲಕನ ಮೇಲೆ ಹೊರಿಸಿರುವ ಕರ್ತವ್ಯಗಳು. ಅಲ್ಲಿ ಲಾಭ ನಷ್ಟದ ಲೆಕ್ಕವಿಲ್ಲ.

ಹಂತ 1: ಅವತ್ತೇ ಫೋಟೊ ತೆಗೆಯಿರಿ

ದೂರದಿಂದ ಎರಡು, ಹತ್ತಿರದಿಂದ ಎರಡು, ನಂಬರ್ ಪ್ಲೇಟ್ ಕಾಣುವಂತೆ ಒಂದು. ಕ್ಲೇಮ್ ಮಾಡುತ್ತೀರೋ ಇಲ್ಲವೋ, ಇಷ್ಟು ಇರಲಿ.

ಹಂತ 2: ಗಾಯ ಎಷ್ಟು ಆಳ ನೋಡಿ

ಆ ಜಾಗವನ್ನು ನೀರು, ಶಾಂಪೂ ಹಾಕಿ ತೊಳೆಯಿರಿ. ಅರ್ಧದಷ್ಟು ‘ಗೀರು’ಗಳು ಎದುರಿನ ಗೋಡೆಯ ಬಣ್ಣವೋ ಇನ್ನೊಂದು ವಾಹನದ ಪ್ಲಾಸ್ಟಿಕ್ಕೋ ನಮ್ಮ ಕಾರಿಗೆ ಮೆತ್ತಿಕೊಂಡವು, ಉಜ್ಜಿದರೆ ಹೋಗುತ್ತವೆ. ಉಳಿದ ಗೀರಿನ ಮೇಲೆ ಸ್ವಲ್ಪ ನೀರು ಹಾಕಿ. ಒದ್ದೆಯಾದಾಗ ಗೀರು ಮಾಯವಾದರೆ ಅದು ಮೇಲಿನ ಪಾರದರ್ಶಕ ಪದರದಲ್ಲಿ, ಅಂದರೆ ಕ್ಲಿಯರ್ ಕೋಟಿನಲ್ಲಿ ಮಾತ್ರ ಇದೆ. ಆಮೇಲೆ ಉಗುರನ್ನು ಅಡ್ಡಲಾಗಿ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಪಾಲಿಶ್ ಸಾಕು. ಸಿಕ್ಕಿಕೊಂಡು, ಒಳಗೆ ಬೂದು ಅಥವಾ ಬಿಳಿ ಕಂಡರೆ ಪ್ರೈಮರಿನವರೆಗೆ ಹೋಗಿದೆ. ಲೋಹ ಹೊಳೆಯುತ್ತಿದ್ದರೆ ಕ್ಲೇಮಿನ ತೀರ್ಮಾನ ತಡವಾದರೂ ಪರವಾಗಿಲ್ಲ, ಫೋಟೊ ತೆಗೆದುಕೊಂಡು ಟಚ್‌ಅಪ್ ಬಣ್ಣ ಮುಟ್ಟಿಸಿಬಿಡಿ. ಮಳೆಗಾಲದಲ್ಲಿ ಬರಿಯ ಉಕ್ಕಿನ ಮೇಲೆ ತುಕ್ಕು ಬರಲು ಹೆಚ್ಚು ದಿನ ಬೇಡ. ಬಂಪರ್ ಪ್ಲಾಸ್ಟಿಕ್ಕಿನದು, ಅದು ತುಕ್ಕು ಹಿಡಿಯುವುದಿಲ್ಲ. ಬಂಪರಿನ ಗೀರಿಗೆ ಯಾವ ಅವಸರವೂ ಬೇಡ.

ಡೆಂಟ್ ಆಗಿದ್ದು ಬಣ್ಣ ಮಾತ್ರ ಬಿರುಕು ಬಿಟ್ಟಿಲ್ಲವೆಂದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಒಳಗಿನಿಂದ ಸಲಾಕೆ ತೂರಿಸಿ, ತಗಡನ್ನು ನಿಧಾನವಾಗಿ ಒತ್ತಿ ಎಬ್ಬಿಸುವ ಪೇಂಟ್‌ಲೆಸ್ ಡೆಂಟ್ ರಿಪೇರಿಯವರನ್ನು ಹುಡುಕಿ. ಪುಟ್ಟಿ ಬೇಡ, ಹೊಸ ಬಣ್ಣ ಬೇಡ, ಕಂಪನಿಯ ಮೂಲ ಬಣ್ಣ ಹಾಗೇ ಉಳಿಯುತ್ತದೆ. ಫ್ಯಾಕ್ಟರಿಯಲ್ಲಿ ಹೆಚ್ಚಿನ ಶಾಖದಲ್ಲಿ ಒಣಗಿಸಿದ ಬಣ್ಣಕ್ಕೆ ಸಮನಾದದ್ದನ್ನು ಹೊರಗೆ ಹಾಕಿಸುವುದು ಕಷ್ಟ. ಹಾಗಾಗಿ ಉಳಿಸಿಕೊಳ್ಳಲು ಸಾಧ್ಯವಿರುವಲ್ಲೆಲ್ಲ ಮೂಲ ಬಣ್ಣವನ್ನು ಉಳಿಸಿಕೊಳ್ಳಬೇಕು ಎಂಬುದು ನನ್ನ ಹಟ. ತಗಡಿನ ಅಂಚಿನಲ್ಲಿ ಆದ ಡೆಂಟಿಗೆ ಮಾತ್ರ ಈ ವಿಧಾನ ಅಷ್ಟಾಗಿ ಕೈಹಿಡಿಯುವುದಿಲ್ಲ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಆನ್‌ಲೈನಿನಲ್ಲಿ ಸಿಗುವ, ಯಾವ ಬಣ್ಣದ ಕಾರಿಗೂ ಆಗುತ್ತದೆ ಎನ್ನುವ ‘ಮ್ಯಾಜಿಕ್’ ಗೀರು ಪೆನ್ನುಗಳನ್ನು ಕೊಳ್ಳಬೇಡಿ. ಅವು ಗೀರಿನೊಳಗೆ ಪಾರದರ್ಶಕ ಅಂಟು ತುಂಬುತ್ತವೆ ಅಷ್ಟೆ. ನಾಲ್ಕು ಸಲ ತೊಳೆದರೆ ಗೀರು ಮತ್ತೆ ಎದ್ದು ಕಾಣುತ್ತದೆ, ಸುತ್ತ ಹಳದಿ ಕಲೆ ಬೇರೆ. ಟೂತ್‌ಪೇಸ್ಟ್ ಹಾಕಿ ತಿಕ್ಕುವುದೂ ಬೇಡ. ಕ್ಲಿಯರ್ ಕೋಟಿನ ದಪ್ಪ ಸುಮಾರು 40–50 ಮೈಕ್ರಾನ್, ಕೂದಲೆಳೆಗಿಂತ ತೆಳು. ತಿಕ್ಕಿದಷ್ಟೂ ಸವೆಯುತ್ತದೆ, ಸವೆದದ್ದು ಮರಳಿ ಬಾರದು. ನಿಮ್ಮ ಕಾರಿನ ಬಣ್ಣದ ಕೋಡ್ ಸಾಮಾನ್ಯವಾಗಿ ಬಾಗಿಲ ಕಂಬದ ಪಟ್ಟಿಯಲ್ಲೋ ಬಾನೆಟ್ಟಿನ ಕೆಳಗೋ ಇರುತ್ತದೆ. ಆ ಕೋಡ್ ಹೇಳಿ ಟಚ್‌ಅಪ್ ಬಾಟಲಿ ತನ್ನಿ.

ಹಂತ 3: ಪಾಲಿಸಿಯಲ್ಲಿ ಐದು ಸಾಲು ಹುಡುಕಿ

ನಿಮ್ಮದು ಬರಿಯ ಥರ್ಡ್ ಪಾರ್ಟಿ ಪಾಲಿಸಿಯಾದರೆ ಇಲ್ಲಿಗೆ ಮುಗಿಯಿತು. ಅದರಲ್ಲಿ ನಿಮ್ಮ ಕಾರಿನ ದುರಸ್ತಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಸ್ವಂತ ಹಾನಿಯ ವಿಮೆ, ಅಂದರೆ ಓನ್ ಡ್ಯಾಮೇಜ್ ಇದ್ದರೆ ಮಾತ್ರ ಮುಂದೆ ಓದಿ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯವಾಗಿದೆ, ಓನ್ ಡ್ಯಾಮೇಜನ್ನು ವರ್ಷ ವರ್ಷ ಬೇರೆ ಕಂಪನಿಯಲ್ಲೂ ಕೊಳ್ಳಬಹುದು. ಹಾಗಾಗಿ ಎರಡು ಕಾಗದಗಳಿದ್ದರೆ ಸರಿಯಾದದ್ದನ್ನೇ ಕೈಗೆತ್ತಿಕೊಳ್ಳಿ.

ಬೇಕಾದ ಐದು ಸಾಲು ಇವು: ಬೋನಸ್ ಕಳೆಯುವ ಮುಂಚಿನ ಓನ್ ಡ್ಯಾಮೇಜ್ ಪ್ರೀಮಿಯಂ; ಈಗಿನ ನೋ ಕ್ಲೇಮ್ ಬೋನಸ್ ಶೇಕಡಾವಾರು; ಝೀರೊ ಡೆಪ್ (ಬಿಡಿಭಾಗ ಹಳತಾದದ್ದಕ್ಕೆ ಸವಕಳಿ ಕಳೆಯದಿರಲು ಹೆಚ್ಚುವರಿ ಹಣ ಕಟ್ಟಿ ಪಡೆಯುವ ಆಡ್-ಆನ್) ಇದೆಯೇ, ಇದ್ದರೆ ವರ್ಷಕ್ಕೆ ಎಷ್ಟು ಕ್ಲೇಮ್; ಬೋನಸ್ ರಕ್ಷಣೆಯ ಆಡ್-ಆನ್ ಇದೆಯೇ; ಡಿಡಕ್ಟಿಬಲ್, ಅಂದರೆ ಪ್ರತಿ ಕ್ಲೇಮಿನಲ್ಲೂ ನೀವೇ ಭರಿಸಬೇಕಾದ ಮೊತ್ತ ಎಷ್ಟು. ‘ಫುಲ್ ಇನ್ಶೂರೆನ್ಸ್’ ಎಂದು ಏಜೆಂಟ್ ಹೇಳಿದ ಮಾತನ್ನು ನೆಚ್ಚಿಕೊಳ್ಳಬೇಡಿ. ಅಂಥ ಹೆಸರಿನ ಪಾಲಿಸಿ ಇಲ್ಲ, ಅದಕ್ಕೆ ಪ್ರತಿಯೊಬ್ಬರೂ ಕೊಡುವ ಅರ್ಥ ಬೇರೆ.

ಹಂತ 4: ಎರಡು ಎಸ್ಟಿಮೇಟ್, ಎರಡೂ ಬರಹದಲ್ಲಿ

ಒಂದು, ಕಾರು ಕಂಪನಿಯ ಅಧಿಕೃತ ವರ್ಕ್‌ಶಾಪಿನದು, ಇನ್ನೊಂದು ಹೊರಗಿನ ಒಳ್ಳೆಯ ಟಿಂಕರಿಂಗ್ ಪೇಂಟಿಂಗ್ ಶೆಡ್ಡಿನದು. ಕೇಳುವಾಗ ‘ನಾನೇ ದುಡ್ಡು ಕೊಡುತ್ತೇನೆ’ ಎಂದೇ ಹೇಳಿ. ‘ಬದಲಾಯಿಸುವ ಬದಲು ದುರಸ್ತಿ ಆಗುತ್ತದೆಯೇ’ ಎಂದೂ ಕೇಳಿ. ಸೀಳಿದ ಬಂಪರನ್ನು ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಬಹುದು, ಒಳಕ್ಕೆ ಹೋದದ್ದನ್ನು ಬಿಸಿ ಮಾಡಿ ಎಬ್ಬಿಸಬಹುದು. ಮೆಟ್ಯಾಲಿಕ್, ಪರ್ಲ್ ಬಣ್ಣಗಳಿಗೆ ಪಕ್ಕದ ಪ್ಯಾನೆಲ್ಲಿಗೂ ಸ್ವಲ್ಪ ಬಣ್ಣ ಹಾಯಿಸಿ ಹೊಂದಿಸಬೇಕಾಗುತ್ತದೆ. ಆ ಹೆಚ್ಚುವರಿ ಖರ್ಚು ನ್ಯಾಯವಾದದ್ದೇ, ಅದಕ್ಕೆ ಜಗಳ ಬೇಡ. ಶೆಡ್ಡಿನವರು ಪುಟ್ಟಿಯನ್ನು ದಪ್ಪಗೆ ಮೆತ್ತಿ ಡೆಂಟ್ ಮುಚ್ಚಲು ಹೊರಟರೆ ಮಾತ್ರ ಒಪ್ಪಬೇಡಿ. ಮೊದಲು ತಗಡನ್ನು ಎಬ್ಬಿಸಿ, ಉಳಿದ ಏರುಪೇರಿಗೆ ಮಾತ್ರ ತೆಳುವಾದ ಪುಟ್ಟಿ. ಇಲ್ಲದಿದ್ದರೆ ಒಂದೆರಡು ಬೇಸಿಗೆಗೆ ಬಿರುಕು ಬಿಡುತ್ತದೆ.

ಏಟು ಮೂಲೆಗೆ ಬಿದ್ದಿದ್ದರೆ ಬಂಪರ್ ಬಿಚ್ಚಿಸಿ ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ. ಬಂಪರ್ ಬಳುಕಿ ಮರಳಿ ತನ್ನ ಆಕಾರಕ್ಕೆ ಬಂದಿರುತ್ತದೆ, ಅದರ ಹಿಂದಿರುವ ಹೆಡ್‌ಲೈಟ್ ಕ್ಲಿಪ್ ಮುರಿದಿರುತ್ತದೆ, ಪಾರ್ಕಿಂಗ್ ಸೆನ್ಸರ್ ಸರಿದಿರುತ್ತದೆ, ರೇಡಿಯೇಟರಿನ ಹಿಡಿಕೆ ಸೊಟ್ಟಗಾಗಿರುತ್ತದೆ. ಮುಂದೆ ರೇಡಾರ್ ಇರುವ ಹೊಸ ಕಾರುಗಳಲ್ಲಿ ಸೆನ್ಸರನ್ನು ಮತ್ತೆ ಹೊಂದಿಸುವ ಖರ್ಚೂ ಇರುತ್ತದೆ. ಹೊರಗೆ ಸಣ್ಣದಾಗಿ ಕಂಡದ್ದು ಒಳಗೆ ಹಾಗಿರಬೇಕೆಂದಿಲ್ಲ.

ಹಂತ 5: ಕಂಪನಿ ನಿಜಕ್ಕೂ ಎಷ್ಟು ಕೊಡುತ್ತದೆ?

ಜನ ತಪ್ಪುವುದು ಇಲ್ಲಿಂದ. ಬಿಲ್ಲಿನ ಮೊತ್ತವನ್ನು ಬೋನಸಿನ ಜತೆ ಹೋಲಿಸುತ್ತಾರೆ. ಹೋಲಿಸಬೇಕಾದದ್ದು ಕಂಪನಿ ಕೊಡುವ ಮೊತ್ತವನ್ನು.

ಝೀರೊ ಡೆಪ್ ಇಲ್ಲದಿದ್ದರೆ ಬದಲಾಯಿಸಿದ ಬಿಡಿಭಾಗಗಳ ಮೇಲೆ ಸವಕಳಿ ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ ಕಾರು ಎಷ್ಟೇ ಹೊಸದಿದ್ದರೂ ಶೇ 50. ಫೈಬರ್‌ಗ್ಲಾಸಿಗೆ ಶೇ 30. ಗಾಜಿಗೆ ಸವಕಳಿ ಇಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ: ಆರು ತಿಂಗಳವರೆಗೆ ಏನೂ ಇಲ್ಲ, ಒಂದು ವರ್ಷದವರೆಗೆ ಶೇ 5, ಎರಡರವರೆಗೆ 10, ಮೂರರವರೆಗೆ 15, ನಾಲ್ಕರವರೆಗೆ 25, ಐದರವರೆಗೆ 35, ಹತ್ತರವರೆಗೆ 40, ಅದರಾಚೆ 50. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಸಾಮಗ್ರಿ ಎಂದು ಹಿಡಿದು ಅದರ ಅರ್ಧ ಕಳೆಯುತ್ತಾರೆ; ಒಟ್ಟಿನಲ್ಲಿ ಬಣ್ಣದ ಬಿಲ್ಲಿನ ಎಂಟನೇ ಒಂದು ಪಾಲು ನಿಮ್ಮದು. ಕೂಲಿಗೆ ಸವಕಳಿ ಇಲ್ಲ. ಕ್ಲಿಪ್, ಸ್ಕ್ರೂ, ಆಯಿಲ್‌ನಂಥ ಚಿಲ್ಲರೆ ಸಾಮಾನು ಬೇರೆ ಆಡ್-ಆನ್ ಇಲ್ಲದಿದ್ದರೆ ನಿಮ್ಮ ಖಾತೆಗೇ. ಕೊನೆಗೆ ಕಡ್ಡಾಯ ಡಿಡಕ್ಟಿಬಲ್: 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಮೇಲ್ಪಟ್ಟದ್ದಕ್ಕೆ 2,000. ಪ್ರೀಮಿಯಂ ಕಡಿಮೆಯಾಗಲೆಂದು ನೀವೇ ಸ್ವಯಂ ಡಿಡಕ್ಟಿಬಲ್ ಆರಿಸಿಕೊಂಡಿದ್ದರೆ ಅದೂ ಇದಕ್ಕೆ ಸೇರುತ್ತದೆ. ಇದನ್ನು ಮರೆತು ಕೌಂಟರಿನಲ್ಲಿ ನಿಂತು ಕಂಗಾಲಾದವರನ್ನು ನೋಡಿದ್ದೇನೆ.

ಒಂದು ಲೆಕ್ಕ ಮಾಡೋಣ. 1200 ಸಿಸಿ ಕಾರು. ಹೊಸ ಬಂಪರ್ 9,000, ಬಂಪರ್ ಮತ್ತು ಫೆಂಡರಿನ ಪೇಂಟಿಂಗ್ 8,000, ಕೂಲಿ 3,000, ಚಿಲ್ಲರೆ ಸಾಮಾನು 500. ಬಿಲ್ 20,500. ಝೀರೊ ಡೆಪ್ ಇಲ್ಲ. ಬಂಪರಿಗೆ 4,500, ಪೇಂಟಿಂಗಿಗೆ 7,000, ಕೂಲಿ 3,000, ಒಟ್ಟು 14,500. ಡಿಡಕ್ಟಿಬಲ್ ಕಳೆದು ನಿಮಗೆ ಸಿಗುವುದು 13,500. ಝೀರೊ ಡೆಪ್ ಇದ್ದರೆ 19,000. ಈ ಎರಡು ಸಂಖ್ಯೆ ನೆನಪಿರಲಿ.

ಹಂತ 6: ಬೋನಸಿನ ನಷ್ಟ, ಒಂದು ವರ್ಷದ್ದಲ್ಲ, ಐದು ವರ್ಷದ್ದು

ಈ ಹಂತಕ್ಕೆ ಅರ್ಧ ಗಂಟೆ ಕೊಡಿ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ 20 ರಿಯಾಯಿತಿ. ಸತತ ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಗೆ ಮೆಟ್ಟಿಲು ಮುಗಿಯಿತು. ಒಂದು ಕ್ಲೇಮ್ ಪಾವತಿಯಾದರೆ ಎಷ್ಟನೇ ಮೆಟ್ಟಿಲಲ್ಲಿದ್ದರೂ ನೇರ ಸೊನ್ನೆಗೆ. ಮೊತ್ತ ಎರಡು ಸಾವಿರವೋ ಎರಡು ಲಕ್ಷವೋ, ಶಿಕ್ಷೆ ಒಂದೇ. ಥರ್ಡ್ ಪಾರ್ಟಿ ಪ್ರೀಮಿಯಂಗೆ ಈ ಬೋನಸ್ ಅನ್ವಯಿಸುವುದಿಲ್ಲ, ಅದನ್ನು ಲೆಕ್ಕಕ್ಕೆ ಸೇರಿಸಬೇಡಿ.

ಸೊನ್ನೆಗೆ ಬಿದ್ದವರು ಮತ್ತೆ ಒಂದೊಂದೇ ಮೆಟ್ಟಿಲು ಹತ್ತಬೇಕು. ಈಗ ಶೇ 35ರಲ್ಲಿ ಇದ್ದೀರಿ ಎಂದುಕೊಳ್ಳಿ. ಕ್ಲೇಮ್ ಮಾಡದಿದ್ದರೆ ಮುಂದಿನ ನವೀಕರಣಗಳಲ್ಲಿ ಸಿಗುವುದು 45, 50, 50, 50, 50. ಮಾಡಿದರೆ 0, 20, 25, 35, 45. ವ್ಯತ್ಯಾಸ 45, 30, 25, 15, 5. ಕೂಡಿಸಿದರೆ 120. ಅಂದರೆ ಒಂದು ವರ್ಷದ ಪೂರ್ತಿ ಓನ್ ಡ್ಯಾಮೇಜ್ ಪ್ರೀಮಿಯಂನ ಶೇ 120ರಷ್ಟನ್ನು ಐದು ವರ್ಷದಲ್ಲಿ ಹೆಚ್ಚುವರಿಯಾಗಿ ಕಟ್ಟುತ್ತೀರಿ. ಹೀಗೇ ಉಳಿದವನ್ನೂ ಲೆಕ್ಕ ಹಾಕಿದ್ದೇನೆ. ಈಗ ಬೋನಸ್ ಸೊನ್ನೆ ಇದ್ದರೆ ಒಟ್ಟು ನಷ್ಟ ಶೇ 50. ಈಗ 20 ಇದ್ದರೆ 80. 25 ಇದ್ದರೆ 105. 35 ಇದ್ದರೆ 120. 45 ಅಥವಾ 50 ಇದ್ದರೆ 125. ಈ ಸಾಲನ್ನು ಕತ್ತರಿಸಿ ಕಾರಿನ ಕಾಗದಗಳ ಜತೆ ಇಟ್ಟುಕೊಳ್ಳಿ.

ಇದನ್ನು ನಿಮ್ಮ ಪ್ರೀಮಿಯಂಗೆ ಗುಣಿಸುವಾಗ ಎರಡು ತಿದ್ದುಪಡಿ ಬೇಕು. ಕಾರಿನ ವಿಮಾ ಮೌಲ್ಯ, ಅಂದರೆ ಐಡಿವಿ, ವರ್ಷದಿಂದ ವರ್ಷಕ್ಕೆ ಇಳಿಯುವುದರಿಂದ ಪ್ರೀಮಿಯಮ್ಮೂ ಇಳಿಯುತ್ತದೆ. ಹಾಗೆಯೇ ಪ್ರೀಮಿಯಂ ಮೇಲೆ ಶೇ 18 ಜಿಎಸ್‌ಟಿ ಕಟ್ಟಬೇಕು. ಮೇಲಿನ ಕಾರಿನ ಮುಂದಿನ ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂ, ಬೋನಸ್ ಕಳೆಯುವ ಮುಂಚೆ, 12,000 ಎನ್ನೋಣ. ಆಮೇಲಿನ ವರ್ಷಗಳಲ್ಲಿ 10,800, 9,700, 8,700, 7,800. ನಷ್ಟ ಕ್ರಮವಾಗಿ 5,400, 3,240, 2,425, 1,305, 390. ಒಟ್ಟು 12,760. ಜಿಎಸ್‌ಟಿ ಸೇರಿದರೆ 15,057.

ಈಗ ಆ ಎರಡು ಸಂಖ್ಯೆಗಳನ್ನು ಪಕ್ಕದಲ್ಲಿಟ್ಟು ನೋಡಿ. ಝೀರೊ ಡೆಪ್ ಇಲ್ಲದವರು 13,500 ಪಡೆಯಲು 15,057 ಕಳೆದುಕೊಳ್ಳುತ್ತಾರೆ. ಇಪ್ಪತ್ತು ಸಾವಿರ ದಾಟಿದ ಬಿಲ್ಲಿಗೂ ಕ್ಲೇಮ್ ನಷ್ಟವೇ! ಝೀರೊ ಡೆಪ್ ಇದ್ದವರಿಗೆ ಸುಮಾರು ನಾಲ್ಕು ಸಾವಿರ ಉಳಿಯುತ್ತದೆ. ಹೊರಗಿನ ಶೆಡ್ಡಿನಲ್ಲಿ ಅದೇ ಬಂಪರನ್ನು ವೆಲ್ಡ್ ಮಾಡಿ ಬಣ್ಣ ಹಾಕಿ 10,000ಕ್ಕೆ ಮುಗಿಸುವುದಾದರೆ ಆ ಉಳಿತಾಯವೂ ಇಲ್ಲ.

ಲೆಕ್ಕ ಹಾಕಲು ಬೇಸರವಾದವರಿಗೆ ಒಂದು ಅಡ್ಡದಾರಿ ಇದೆ. ಯಾವುದಾದರೂ ವಿಮಾ ಕಂಪನಿಯ ಜಾಲತಾಣದಲ್ಲಿ ನಿಮ್ಮ ಕಾರಿನ ನವೀಕರಣದ ದರ ಕೇಳಿ. ‘ಕಳೆದ ವರ್ಷ ಕ್ಲೇಮ್ ಮಾಡಿದ್ದೀರಾ’ ಎಂಬಲ್ಲಿ ಒಮ್ಮೆ ಹೌದು, ಒಮ್ಮೆ ಇಲ್ಲ ಎಂದು ಒತ್ತಿ ನೋಡಿ. ಹಣ ಮಾತ್ರ ಕಟ್ಟಬೇಡಿ. ಕಾಣುವ ವ್ಯತ್ಯಾಸ ಮೊದಲ ವರ್ಷದ ನಷ್ಟ. 2007ರ ಜನವರಿಯಿಂದ ಓನ್ ಡ್ಯಾಮೇಜ್ ದರವನ್ನು ಕಂಪನಿಗಳೇ ನಿಗದಿ ಮಾಡುವುದರಿಂದ, ಕ್ಲೇಮ್ ಆದವರಿಗೆ ಮೂಲ ದರದಲ್ಲೇ ರಿಯಾಯಿತಿ ಕಡಿಮೆಯಾಗಿದ್ದರೆ ಅದೂ ಇಲ್ಲಿ ಕಾಣಿಸುತ್ತದೆ. ಶೇ 35ರ ಮೆಟ್ಟಿಲಿನವರು ಈ ವ್ಯತ್ಯಾಸವನ್ನು ಸುಮಾರು ಎರಡೂವರೆ ಪಟ್ಟು ಮಾಡಿದರೆ ಐದು ವರ್ಷದ ಅಂದಾಜು ಸಿಗುತ್ತದೆ.

ಈ ಐದು ವರ್ಷದ ಲೆಕ್ಕ, ಮುಂದೆ ಬೇರೆ ಕ್ಲೇಮ್ ಮಾಡದವರಿಗೆ. ಕಿಕ್ಕಿರಿದ ರಸ್ತೆಯಲ್ಲಿ ದಿನಾ ಓಡಾಡುತ್ತ, ವರ್ಷ ಬಿಟ್ಟು ವರ್ಷ ದೊಡ್ಡ ಏಟೇ ಬೀಳುತ್ತದೆ ಎನ್ನುವವರು ಮೊದಲ ಎರಡು ವರ್ಷದ ನಷ್ಟ ಮಾತ್ರ ಹಿಡಿಯಲಿ, ಏಕೆಂದರೆ ಬೋನಸ್ ಅವರಿಗೆ ಹೇಗೂ ಉಳಿಯುವುದಿಲ್ಲ. ಇನ್ನೆರಡು ವರ್ಷದಲ್ಲಿ ದೊಡ್ಡ ಕಾರು ಕೊಳ್ಳುವ ಯೋಚನೆಯಿದ್ದರೆ ಲೆಕ್ಕ ತಿರುವುಮುರುವು. ಬೋನಸ್ ಕಾರಿನದ್ದಲ್ಲ, ನಿಮ್ಮದು. ಹಳೆಯ ಕಾರು ಮಾರುವಾಗ ಪ್ರಮಾಣಪತ್ರ ಪಡೆದು ಹೊಸ ಕಾರಿನ ದುಬಾರಿ ಪ್ರೀಮಿಯಂಗೆ ಅದನ್ನು ಹಚ್ಚಬಹುದು. ಹಾಗಾಗಿ ಇವತ್ತಿನ ಸಣ್ಣ ಕಾರಿನ ಡೆಂಟಿಗೆ ಬೋನಸ್ ಕಳೆದುಕೊಂಡರೆ ನಾಳಿನ ದೊಡ್ಡ ಕಾರಿನ ದರದಲ್ಲಿ ನಷ್ಟ ತುಂಬಬೇಕಾಗುತ್ತದೆ.

ಹಂತ 7: ತೀರ್ಮಾನ

ನನ್ನ ನಿಯಮ ಇಷ್ಟು: ಕಂಪನಿ ಕೊಡುವ ಮೊತ್ತ ಬೋನಸ್ ನಷ್ಟಕ್ಕಿಂತ ಕನಿಷ್ಠ 5,000 ರೂಪಾಯಿ ಹೆಚ್ಚಿದ್ದರೆ ಮಾತ್ರ ಕ್ಲೇಮ್. ಅದಕ್ಕಿಂತ ಕಡಿಮೆ ಉಳಿತಾಯಕ್ಕೆ, ಹಾನಿಯನ್ನು ಪರಿಶೀಲಿಸುವ ಸರ್ವೇಯರ್‌ಗೆ ಕಾಯುವುದು, ಒಪ್ಪಿಗೆಗೆ ಕಾಯುವುದು, ಕಾರಿಲ್ಲದೆ ವಾರ ಕಳೆಯುವುದು ಬೇಡ.

ಕೆಲವು ಸಂದರ್ಭಗಳಲ್ಲಿ ತೂಕ ಕ್ಲೇಮಿನ ಕಡೆ ವಾಲುತ್ತದೆ. ಬೋನಸ್ ರಕ್ಷಣೆಯ ಆಡ್-ಆನ್ ಇದ್ದು ಅದರ ಷರತ್ತಿನೊಳಗೆ ಬರುತ್ತಿದ್ದರೆ ಬಳಸಿ, ಅದಕ್ಕೆಂದೇ ಹಣ ಕಟ್ಟಿದ್ದೀರಿ. ಇದೇ ಪಾಲಿಸಿ ವರ್ಷದಲ್ಲಿ ಆಗಲೇ ಒಂದು ಕ್ಲೇಮ್ ಆಗಿದ್ದರೆ ಬೋನಸ್ ಹೋಗಿಯಾಗಿದೆ. ಎರಡನೆಯದಕ್ಕೆ ಡಿಡಕ್ಟಿಬಲ್ ಬಿಟ್ಟು ಕಳೆದುಕೊಳ್ಳಲು ಹೆಚ್ಚೇನಿಲ್ಲ, ಝೀರೊ ಡೆಪ್ ಮಿತಿ ಮಾತ್ರ ನೋಡಿಕೊಳ್ಳಿ. ಮುಂದಿನ ಗಾಜು ಒಡೆದರೆ ಸವಕಳಿ ಇಲ್ಲ ನಿಜ, ಆದರೆ ಸಾಮಾನ್ಯ ಪಾಲಿಸಿಯಲ್ಲಿ ಗಾಜಿನ ಕ್ಲೇಮೂ ಕ್ಲೇಮೇ. ಅದನ್ನೂ ಇದೇ ತಕ್ಕಡಿಯಲ್ಲಿ ತೂಗಿ.

ಇನ್ನು ವರ್ಕ್‌ಶಾಪಿನಲ್ಲಿ ಪಿಸುಮಾತಿನಲ್ಲಿ ಬರುವ ಒಂದು ಸಲಹೆ: ‘ಹಳೆ ಗೀರುಗಳನ್ನೂ ಇದೇ ಘಟನೆಯಲ್ಲಿ ಸೇರಿಸಿಬಿಡೋಣ, ಪೂರ್ತಿ ಕಾರು ಹೊಸದಾಗುತ್ತೆ.’ ಖಂಡಿತ ಒಪ್ಪಬೇಡಿ. ಎಡಗಡೆಯ ಹಳೆಯ ಗೀರು, ಬಲಗಡೆಯ ಹೊಸ ಡೆಂಟ್ ಒಂದೇ ಘಟನೆಯಲ್ಲಿ ಆದವಲ್ಲ ಎಂದು ಸರ್ವೇಯರ್‌ಗೆ ತುಕ್ಕು, ಧೂಳು, ಏಟಿನ ದಿಕ್ಕು ನೋಡಿದರೆ ತಿಳಿಯುತ್ತದೆ. ಪ್ರತಿ ಘಟನೆಗೂ ಬೇರೆ ಕ್ಲೇಮ್, ಬೇರೆ ಡಿಡಕ್ಟಿಬಲ್. ಸುಳ್ಳು ಹೇಳಿಕೆಗೆ ಸಹಿ ಹಾಕಿದವರು ನೀವು, ಸಲಹೆ ಕೊಟ್ಟವರಲ್ಲ. ಸರಿಯಾದ ಭಾಗದ ಹಣವೂ ಕೈತಪ್ಪಬಹುದು.

ಹಂತ 8: ಆಮೇಲಿನ ಕೆಲಸ

ಕ್ಲೇಮ್ ಎಂದು ನಿರ್ಧರಿಸಿದರೆ ತಡಮಾಡದೆ ಕಂಪನಿಗೆ ತಿಳಿಸಿ, ಸರ್ವೇ ಆಗುವವರೆಗೆ ದುರಸ್ತಿ ಶುರು ಮಾಡಿಸಬೇಡಿ. ಚಾಲನಾ ಪರವಾನಗಿ, ಆರ್‌ಸಿ, ಪಾಲಿಸಿ ಸಿದ್ಧವಿರಲಿ. ಸರ್ವೇಯರ್ ಒಪ್ಪಿದ ಮೊತ್ತದ ಪಟ್ಟಿ ಕೇಳಿ ಪಡೆಯಿರಿ. ಅದು ನಿಮ್ಮ ಅಂದಾಜಿಗಿಂತ ತೀರಾ ಕಡಿಮೆಯಿದ್ದರೆ, ಹಣ ಪಾವತಿಯಾಗುವ ಮುಂಚೆ ಕ್ಲೇಮ್ ಹಿಂಪಡೆಯುವ ಬಗ್ಗೆ ಕಂಪನಿಯನ್ನು ಕೇಳಿ. ಹಿಂಪಡೆದರೆ ‘ಪಾವತಿ ಆಗಿಲ್ಲ, ಬೋನಸ್ ಉಳಿದಿದೆ’ ಎಂಬುದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ.

ಕ್ಲೇಮ್ ಪಡೆದು, ಮರುವರ್ಷ ಬೇರೆ ಕಂಪನಿಗೆ ಹೋಗಿ ‘ಕ್ಲೇಮ್ ಆಗಿಲ್ಲ’ ಎಂದು ಬೋನಸ್ ಕೇಳುವವರೂ ಇದ್ದಾರೆ. ಹೊಸ ಕಂಪನಿ ಹಳೆಯದನ್ನು ವಿಚಾರಿಸುತ್ತದೆ. ಮುಂದೆ ದೊಡ್ಡ ಅಪಘಾತವಾದ ದಿನ ಆ ಒಂದು ಸುಳ್ಳಿನಿಂದ ಸ್ವಂತ ಹಾನಿಯ ಕ್ಲೇಮೇ ಕೈಬಿಟ್ಟು ಹೋದೀತು.

ಕೈಯಿಂದಲೇ ಕೊಡುತ್ತೇನೆ ಎಂದಾದರೆ ದುರಸ್ತಿಯ ಬಿಲ್ ಮತ್ತು ಮುಗಿದ ಮೇಲಿನ ಫೋಟೊ ಇಟ್ಟುಕೊಳ್ಳಿ. ಅದೇ ಜಾಗಕ್ಕೆ ಮತ್ತೆ ಏಟು ಬಿದ್ದಾಗ, ಹಳೆಯದು ಸರಿಯಾಗಿತ್ತು ಎಂದು ತೋರಿಸಲು ಬೇಕಾಗುತ್ತದೆ. ಆಮೇಲೆ ಪಾಲಿಸಿ ಮುಗಿಯುವ ತಾರೀಖನ್ನು ಫೋನಿನಲ್ಲಿ ಗುರುತು ಹಾಕಿ. ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ, ಒಂದೂ ಕ್ಲೇಮ್ ಮಾಡದಿದ್ದರೂ ಬೋನಸ್ ಪೂರ್ತಿ ಹೋಗುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಬೋನಸ್ ಉಳಿಸಲೆಂದು ಬಾಗಿಲ ದುರಸ್ತಿಗೆ 11,000 ರೂಪಾಯಿಯನ್ನು ಕೈಯಿಂದ ಕೊಟ್ಟಿದ್ದರು. ಊರಿಗೆ ಹೋದವರು ನಾಲ್ಕು ತಿಂಗಳು ಕಾರು ಮುಟ್ಟಲಿಲ್ಲ, ಪಾಲಿಸಿಯನ್ನೂ ಮರೆತರು. ಮರಳಿ ಬಂದು ನವೀಕರಿಸಿದಾಗ ಬೋನಸಿನ ಸಾಲಿನಲ್ಲಿ ಸೊನ್ನೆ ಇತ್ತು.